ತೊಟ್ಟಿಲಿಗೆ ಬಡಿದ ತಾಟು

ಗುಂಜಿಯ ಭರಮವ್ವನ ಅಜ್ಜ ಮಾಯಪ್ಪ ಒಂದು ಸಿಳ್ಳು ಹಾಕಿದರೆ ಕಾಡಂಚಿಗೆ ಚದುರಿದ ಕುರಿಗಳೆಲ್ಲ ಹಟ್ಟಿಗೆ ತಿರುಗುತ್ತಿದ್ದವು. ಅಪ್ಪ ಲಕ್ಷ್ಮಪ್ಪ ಬರಿಯ ಕೂಗಿನಿಂದಲೇ ಚಿರತೆಯ ಬಾಯಿಂದ ಮರಿ ಬಿಡಿಸಿದವನು. ಆ ಗಂಟಲು ಭರಮವ್ವನಿಗೂ ಬಂದಿತ್ತು. ಹೆಗಲಿಗೆ ಕಂಬಳಿ ಹಾಕಿಕೊಂಡು ಬಿರುಸಾಗಿ ನಡೆಯುತ್ತ ಆಕೆ ಆಡಿದ ಮಾತಿಗೆ ದೂರದ ರೈಲು ಸ್ಟೇಷನ್ನಿನಲ್ಲಿ ಕೂತವರು ಉತ್ತರ ಕೊಡುತ್ತಿದ್ದರು. ಇಂಥ ಮನೆಯಲ್ಲಿ ಹುಟ್ಟಿದ ನೀಲಾ, ಭರಮವ್ವನ ಮಗ ಸಂಜಯನ ಹಿರಿಯ ಮಗಳು, ಆ ಯಾವ ಸದ್ದನ್ನೂ ಕೇಳಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ನೀಲಾಳ ತೊಟ್ಟಿಲಿನಲ್ಲಿ ಆ ಗದ್ದಲ ಮುಗಿದೊಡನೆ ಭರಮವ್ವ ಉಣ್ಣುವ ಹಿತ್ತಾಳೆ ತಾಟನ್ನು ತೊಟ್ಟಿಲ ಅಂಚಿಗೆ ಹಚ್ಚಿ ಬಡಿದಳು. ಕೂಸು ಬೆಚ್ಚಿತು. “ಕಿವಿ ಚಲೋ ಅದಾವ!” ಎಂದು ಸಾರಿದಳು. ಅದು ಬೆಚ್ಚಿದ್ದು ತೊಟ್ಟಿಲ ನಡುಕಕ್ಕೆ ಎಂದು ತಿಳಿಯುವಷ್ಟರಲ್ಲಿ ಮಾತಿಲ್ಲದೆ ಮೂರು ವರ್ಷ ಕಳೆದಿತ್ತು. ಹುಟ್ಟಿನಿಂದಲೇ ಕಿವುಡು, ಎಳೆಯದಿದ್ದಾಗಲೇ ತಂದಿದ್ದರೆ ಹೊತ್ತಿಗೆ ಮಾತು ಕಲಿಯುತ್ತಿತ್ತು ಎಂದರು ಬೆಳಗಾವಿಯ ದವಾಖಾನೆಯಲ್ಲಿ.

ಅಂದಿನಿಂದ ಭರಮವ್ವನ ಸಿಟ್ಟು ಆರಲಿಲ್ಲ. ಖಾನಾಪುರದ ಸುತ್ತ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಕರೆಯದೆ ನುಗ್ಗಿ, ಕಿವಿ ನೋಡಲು ಬಡಿಯುವ ತಾಟು ಕಸಿಯುತ್ತಿದ್ದಳು.

“ಭರಮಕ್ಕಾ, ತಾಟರ ಕೊಟ್ಟ ಹೋಗ, ಉಣ್ಣಾಕ ಬೇಕ!” ಎಂದು ಯಾರೋ ಛೇಡಿಸಿದರೆ, “ಮೊದಲ ಬೆಳಗಾವಿಗಿ ಒಯ್ದ ಕೂಸಿನ ಕಿವಿ ತೋರಸ. ಆಮ್ಯಾಲ ಉಣ್ಣವಂತಿ” ಎನ್ನುತ್ತಿದ್ದಳು.

ಎರಡು ಸಾವಿರದ ಇಸವಿಯಲ್ಲಿ ಸಂಜಯನಿಗೆ ಗಂಡುಕೂಸು ಹುಟ್ಟಿತು. ಬಾಣಂತಿ ಸೊಸೆ ಪ್ರಮಿಳಾಳನ್ನೂ ನೆರೆಮನೆಯ ನನ್ನನ್ನೂ ಕರೆದುಕೊಂಡು ಭರಮವ್ವ ರೈಲು ಹತ್ತಿದಳು. ಬೆಳಗಾವಿಯ ದವಾಖಾನೆಯಲ್ಲಿ ಕಿವಿ ನೋಡುವ ಯಂತ್ರವಿತ್ತು, ಅದಕ್ಕೆ ಹೊದಿಸಿದ ಬಟ್ಟೆಯೂ ಇತ್ತು, ನಡೆಸುವವನು ಬಂದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು: ಯಂತ್ರಕ್ಕೆ ಧೂಳು ಬೀಳದಂತೆ ಕಾಯುವವರಿದ್ದರು, ಕೂಸನ್ನು ಕಾಯುವವರಿರಲಿಲ್ಲ. ಡಾಕ್ಟರು ಕೂಸನ್ನು ಮೇಜಿನ ಮೇಲೆ ಮಲಗಿಸಿ, ಅದರ ಪಕ್ಕದಲ್ಲೇ ಮೇಜನ್ನು ಪಟ್ಟನೆ ತಟ್ಟಿದರು. ಅದು ಬೆಚ್ಚಿತು.

“ನೋಡ್ರಿ ಅಜ್ಜಿ, ಕೇಳಸ್ತೈತಿ. ಮನಿಗಿ ಹೋಗ್ರಿ.”

“ಹಿಂಗ ಬಡದ ಬಡದ ಒಂದ ಕೂಸಿನ ಬಾಯಿ ಕಟ್ಟಿದಾಕಿ ಅದೀನ್ರಿ ನಾ! ನಾ ಸಾಲಿ ಕಲ್ತಾಕಿ ಅಲ್ಲ, ನಿಮಗೇನ ಧಾಡಿ?”

ಡಾಕ್ಟರು ಮೆತ್ತಗಾದರು. ಬಾಣಂತಿ ದಣಿದಿದ್ದಾಳೆ, ಜೀಪಿನಲ್ಲಿ ಗುಂಜಿಗೆ ಮುಟ್ಟಿಸುತ್ತೇನೆ, ಮುಂದಿನ ತಿಂಗಳು ಬನ್ನಿ ಎಂದರು. ಭರಮವ್ವ ಬಾಗಿಲಿಗೆ ಅಡ್ಡಲಾಗಿ ಕಂಬಳಿ ಹಾಸಿ, ಸೊಸೆಯನ್ನು ಕೂರಿಸಿ ತಾನೂ ಕೂತಳು. ತಮ್ಮ ತಪ್ಪಿನ ಸಿಟ್ಟನ್ನೇ ಹೊತ್ತು ತಿರುಗುವ ಇಂಥವರಿಗೆ ಪರರ ಕನಿಕರ ಇನ್ನೊಂದು ಮೋಸದಂತೆ ಕಾಣುತ್ತದೆ.

“ನಿಮ್ಮ ಜೀಪ ನಿಮಗಿರಲ್ರಿ. ಮಿಷನ್ ನಡಸಾಂವ ಎಲ್ಲಿದ್ದಾನ, ಕರಸ್ರಿ. ಕೂಸಿನ ಕಿವಿಗಿ ಮಿಷನ್ ಹಚ್ಚೂತನಕ ನಾ ಇಲ್ಲಿಂದ ಏಳೂದಿಲ್ಲ.”