ಹಗೇವಿಗೆ ಇಳಿಬಿಟ್ಟ ದೀಪ

ಸುಣ್ಣದ ಗೆರೆ ಎಷ್ಟು ಬೆಳ್ಳಗಿದೆ, ಅದರ ಮೇಲೊಂದು ಕಟ್ಟಿರುವೆ ದಾರಿ ತಪ್ಪಿ ಸುತ್ತುತ್ತಿದೆ, ದೇವಿಕಾ ಬಗ್ಗಿದ್ದು ಓಟಕ್ಕೆ, ನೋಡುತ್ತಿರುವುದು ಇರುವೆಯನ್ನು — ಇದರ ಕಾಲಿಗೂ ಕಲ್ಲು ಕೂತೀತೇ — ಮೈದಾನದ ಸುತ್ತಿನ ಬೇವಿನೆಲೆಗಳಿಗೆಲ್ಲ ಸಿಮೆಂಟಿನ ಬೂದಿ, ವಾಡಿಯ ಕಡೆಯಿಂದ ಗೂಡ್ಸ್ ಗಾಡಿಯ ಕೂಗು, ತಂತಿಬೇಲಿಯ ಆಚೆ ಅವ್ವ, ಉಮಾದೇವಿ, ಸೆರಗನ್ನು ತಲೆಗೆ ಬಿಗಿದು ನಿಂತಿದ್ದಾಳೆ, ಸೆರಗಿನ ತುದಿಯಲ್ಲಿ ಗಂಟು, ಗಂಟಿನೊಳಗೆ ಬೆಲ್ಲದ ಹೆಂಟೆ. ಒಂದು ಸುತ್ತಿಗೆ ನಾನೂರು ಮೀಟರ್, ಎರಡು ನಿಮಿಷದೊಳಗೆ ಮುಗಿಸಿದರೆ ಫ್ಯಾಕ್ಟರಿಯಲ್ಲಿ ಗಾರ್ಡಿನ ನೌಕರಿ, ಹೊಲ ಕೊಟ್ಟ ಮನೆಗೊಂದು ಸೀಟು, ಮನೆಯಲ್ಲಿ ಅವಳನ್ನು ಬಿಟ್ಟರೆ ವಯಸ್ಸಿಗೆ ಬಂದವರಿಲ್ಲ, ಅವಳು ಬಿದ್ದರೆ ಸೀಟೂ ಬಿತ್ತು, ಹೊಲವಂತೂ ಆಗಲೇ ಗಣಿಯಾಗಿದೆ, ಜೋಳ ತೂಗುತ್ತಿದ್ದ ಕಡೆ ಈಗ ಹಸಿರು ನೀರು ನಿಂತ ಆಳ. ಪಕ್ಕದ ಗೆರೆಯಲ್ಲಿ ಶಹಾಬಾದಿನ ಮೈತ್ರಿ, ಬೆಳಗಿನಿಂದ ಸಾಲಿನಲ್ಲಿ ಕೂತು ಗೆಳತಿಯಾದವಳು, ಏನವ್ವ ತೆಂಗಳಿ ಊರ ರಾಣಿ, ಇರುವಿ ಸಂಗಾಟ ಲಗ್ನ ಮಾತಾಡ್ಲಾಕತ್ತೀದೇನು, ಕಾಲು ಝಾಡಿಸ್ಕೊ, ಅನ್ನುತ್ತಾಳೆ, ದೇವಿಕಾ ನಗುತ್ತಾಳೆ, ನಕ್ಕಾಗ ಬಾಯಿ ಒಣಗಿರುವುದು ತಿಳಿಯುತ್ತದೆ, ನಾಲಿಗೆಗೆ ಬೆಲ್ಲದ ನೆನಪು, ಬೆಲ್ಲ ಮುಟ್ಟಿ ಎಷ್ಟು ಕಾಲವಾಯಿತು.

ಬೆಲ್ಲ ಬಿಟ್ಟವಳು ಅವಳಲ್ಲ, ಅವ್ವ ಬಿಡಿಸಿದ್ದು, ಊರದೇವತೆ ಮರಗಮ್ಮನ ಮುಂದೆ ಕಾಯಿ ಇಟ್ಟು, ತಾಯಿ, ಈಕಿಗಿ ನೌಕರಿ ಆಗೋತನ ಈಕಿ ನಾಲಿಗಿಗಿ ಸಿಹಿ ಹಚ್ಚಂಗಿಲ್ಲ, ಆದ ಗಳಿಗಿಗಿ ನಾನೇ ನನ್ನ ಕೈಲೆ ತಿನ್ನಸ್ತೀನಿ — ಹರಕೆ ಹೊತ್ತದ್ದು ಮೊದಲು, ಕಲಬುರಗಿಯ ಡಾಕ್ಟರಮ್ಮನ ಬಳಿ ಹೋದದ್ದು ಆಮೇಲೆ. ಹಿಂದುಮುಂದಾಗಿದ್ದರೆ. ಆಯಿ ಇದ್ದಿದ್ದರೆ. ಆಯಿ ಮರೆಮ್ಮನಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ, ಹೊಲಕ್ಕೆ ಹೊರಡುವಾಗ ಮೊಮ್ಮಗಳ ದವಡೆಗೆ ಬೆಲ್ಲದ ಚೂರು ಒತ್ತುತ್ತಿದ್ದಳು, ಬಾಯಾಗ ಬೆಲ್ಲ ಇದ್ರ ಕಾಲಾಗ ಕಲ್ಲು ಕುಂದ್ರಂಗಿಲ್ಲ, ಚೀಪ್ಕೋತ ನಡಿ. ಬೆಲ್ಲವಿಲ್ಲದೆ ಓಡಿದ ದಿನ ಕಲ್ಲು ಕೂರುತ್ತಿತ್ತು, ಶಾಲೆಯ ಕಬಡ್ಡಿಯಲ್ಲಿ, ಕರುವಿನ ಹಿಂದೆ ಬಿದ್ದಾಗ, ಮೀನಖಂಡ ಹಾಸುಗಲ್ಲಿನಂತೆ ಸೆಟೆದು ನಿಲ್ಲುತ್ತಿತ್ತು, ಹುಡುಗಿ ಸೋಮಾರಿ ಅಂದರು, ಗಾಳಿ ಸೋಕ್ಯಾದ ಅಂದರು, ತಾಯತ ಕಟ್ಟಿಸಿದರು. ಡಾಕ್ಟರಮ್ಮ ಮಾತ್ರ ಕಾಲು ಮುಟ್ಟಿ ಕೇಳಿದ್ದೇ ಬೇರೆ, ತಾಯಿ-ತಂದಿ ಸಂಬಂಧದಾಗೇ ಲಗ್ನ ಆಗ್ಯಾರೇನು, ಅವ್ವ ಹೆಮ್ಮೆಯಿಂದಲೇ, ಸ್ವಂತ ಸೋದರಮಾವನೇ ರೀ, ನಮ್ಮ ಮನ್ಯಾಗ ಹೆಣ್ಣು ಹೊರಗ ಕೊಡಂಗಿಲ್ಲ ಅಂದಳು, ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಳು, ಆ ಗೆರೆಯ ಸದ್ದು ಇನ್ನೂ ದೇವಿಕಾಳ ಕಿವಿಯಲ್ಲಿದೆ.

ಸೀಟಿ — ಓಟ ನಡೆಸುವ ಗನಿಸಾಬರ ಸೀಟಿ — ಕಾಲು ತಾವೇ ಹಾರಿದವು, ಅವಳು ಹಾರಿಸಲಿಲ್ಲ, ಎಷ್ಟು ಹಗುರ, ಗಾಳಿ ಎರಡೂ ಕಿವಿಯ ಪಕ್ಕ ಹರಿದು ಹೋಗುತ್ತಿದೆ, ಮೈತ್ರಿ ಹಿಂದೆ, ಎಲ್ಲರೂ ಹಿಂದೆ, ಮೊದಲಿನ ಈ ನಾಲ್ಕು ಉಸಿರು ಯಾವಾಗಲೂ ಅವಳವೇ. ಮಾಂಸದ ಕೈಯಾಗ ಒಂದು ಹಿಡಿ ಹಿಟ್ಟು ಯಾವಾಗ್ಲೂ ತಯಾರ ಇರ್ತದ, ಡಾಕ್ಟರಮ್ಮ ಹೇಳಿದ್ದು, ಅದಕ್ಕ ಗಾಳಿ ಬ್ಯಾಡ, ಏನೂ ಬ್ಯಾಡ, ಆದ್ರ ಹಿಡಿ ಅಂದ್ರ ಹಿಡಿನೇ, ಲಗೂನ ತೀರ್ತದ, ತೀರಿದ ಕೂಡ್ಲೆ ಮಾಂಸ ತನ್ನೊಳಗಿನ ಸಕ್ಕರಿ ಕಣಜ ತೆಗೀತದ, ಅದಕ್ಕೂ ಗಾಳಿ ಕಾಯಬೇಕಾಗಿಲ್ಲ, ಉಸುರು-ರಕ್ತದ ಬಂಡಿ ನಿಧಾನ ಬರ್ತದ, ಬರೋತನ ಕಣಜನೇ ನಡಸ್ತದ, ಓಟಗಾರರು ಒಂದು ಸುತ್ತು ಓಡೋದು ಅದರ ಜೋರಿನ ಮ್ಯಾಲೇ, ಆದ್ರ ನಿನಗ, ತಂಗಿ, ಕಣಜ ತುಂಬ್ಯಾದ, ಕೀಲಿಕೈ ಇಲ್ಲ. ಹುಟ್ಟುವಾಗಲೇ ಇಲ್ಲ. ಕಣಜ ಅನ್ನುತ್ತಿದ್ದಂತೆ ದೇವಿಕಾಳ ಕಣ್ಣಿಗೆ ಬಂದದ್ದು ಆಯಿಯ ಅಂಗಳದ ಹಗೇವು, ನೆಲದೊಳಗೆ ಬಾವಿಯಂತೆ ತೋಡಿದ ಜೋಳದ ಗುಂಡಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದ್ದು, ತೆರೆದ ದಿನ ಯಾರನ್ನೂ ಒಳಗಿಳಿಯಗೊಡದೆ ಆಯಿ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದಳು, ದೀಪ ಆರಿದ್ರ ಒಳಗ ವಿಷದ ಗಾಳಿ, ಇಳದವರು ಉಳಿಯಂಗಿಲ್ಲ ಅನ್ನುತ್ತಿದ್ದಳು, ಕಂದೀಲು ಇಳಿಯುತ್ತದೆ, ಗೋಡೆ ಹೊಳೆಯುತ್ತದೆ, ಇನ್ನೂ ಇಳಿಯುತ್ತದೆ, ಜ್ವಾಲೆ ಸಣ್ಣಗಾಗಿ ನೀಲಿಯಾಗಿ ಬತ್ತಿಗೆ ಅಂಟಿಕೊಳ್ಳುತ್ತದೆ.

ತಿರುವು ಬಂತು, ಹಿಡಿ ಹಿಟ್ಟು ತೀರಿತು. ತೀರಿದ್ದು ಗೊತ್ತಾಗುತ್ತದೆ, ಯಾರೋ ತೊಡೆಯೊಳಗೆ ಬಾಗಿಲು ಹಾಕಿಕೊಂಡಂತೆ, ಈಗ ನಿಧಾನಿಸಬೇಕು, ನಡೆಯಬೇಕು, ನಡೆದರೆ ಬಂಡಿ ಬಂದು ಸೇರುತ್ತದೆ, ಆಮೇಲೆ ಎಷ್ಟು ದೂರ ಬೇಕಾದರೂ ನಡೆದಾಳು, ಚಿಂಚೋಳಿಯವರೆಗೂ, ಆದರೆ ಎರಡು ನಿಮಿಷದೊಳಗೆ ಬಂಡಿ ಬರುವುದಿಲ್ಲ. ಅದಕ್ಕೇ ನಸುಕಿನಲ್ಲೇ ಎದ್ದು ಕಾಲನಿಯ ಸುತ್ತ ನಡೆದಿದ್ದಳು, ಬಂಡಿಯನ್ನು ಮೊದಲೇ ಕರೆಸಿಟ್ಟುಕೊಳ್ಳೋಣ ಎಂದು, ಆಮೇಲೆ ಫ್ಯಾಕ್ಟರಿಯ ಸಾಹೇಬರು ಹೊತ್ತಿಗೆ ಬರಲಿಲ್ಲ, ಕುಂದ್ರಿ ಕುಂದ್ರಿ ಎಂದು ಸಾಲಾಗಿ ಕೂರಿಸಿದರು, ಬಿಸಿಲು ನೆತ್ತಿಗೇರಿತು, ಕಾಲು ಎಲ್ಲ ಮರೆತವು. ಬೆಲ್ಲದ ಒಂದು ಚೂರು ಇದ್ದಿದ್ದರೆ ರಕ್ತ ಹೊರಗಿನಿಂದಲೇ ಸಿಹಿ ತಂದು ಕೊಡುತ್ತಿತ್ತು, ಡಾಕ್ಟರಮ್ಮ ಅದನ್ನೂ ಹೇಳಿದ್ದಳು, ದಣಿಯೋ ಕೆಲಸಕ್ಕ ಮುಂಚೆ ಒಂದು ತುಣುಕು ತಿನ್ನು, ಅವ್ವನ ಎದುರಿಗೇ ಹೇಳಿದ್ದು, ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ, ಡಾಕ್ಟರಮ್ಮಗ ಏನು, ಹೇಳಿ ಕುಂದರ್ತಾಳ, ಹರಕಿ ಮುರದ್ರ ಇದ್ದ ಕಾಲೂ ಹೋದಾವು, ಅಂದಳು, ಗದರಲಿಲ್ಲ, ಮಗಳ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡಳು, ದೇವಿಕಾ ವಾದಿಸಲಿಲ್ಲ, ಯಾಕೆ ವಾದಿಸಲಿಲ್ಲ, ಇವತ್ತು ಬೆಳಿಗ್ಗೆ ಕದ್ದಾದರೂ ತಿನ್ನಬಹುದಿತ್ತು, ತಿನ್ನಲಿಲ್ಲ, ಅವಳಿಗೂ ಒಳಗೆಲ್ಲೋ ಮರಗಮ್ಮನ ಕಣ್ಣು.

ಮೀನಖಂಡ ಸೆಟೆಯಿತು. ಇನ್ನೊಂದೂ. ಮೈತ್ರಿ ದಾಟಿ ಹೋದಳು, ಇನ್ನಿಬ್ಬರು ದಾಟಿದರು, ಕಾಲು ಕಾಲಲ್ಲ, ಗಣಿಯಿಂದ ಈಗ ಕಿತ್ತ ಚಪ್ಪಡಿ, ಅದನ್ನು ಸೊಂಟದಿಂದ ಎತ್ತಿ ಎತ್ತಿ ಮುಂದೆ ಇಡುತ್ತಿದ್ದಾಳೆ, ಕಲ್ಲು ಕುಂತ ಮ್ಯಾಲೂ ಓಡಿದ್ರ ಮಾಂಸ ಒಡದು ರಕ್ತಕ್ಕ ಇಳೀತದ, ಮೂತ್ರ ಕರ್ರಗ ಬಂತಂದ್ರ ಒಂದು ತಾಸೂ ನಿಲ್ಲಬ್ಯಾಡ, ಕಿಡ್ನಿ ಕಟ್ಕೋತಾವ, ಸೀದಾ ದವಾಖಾನಿಗಿ ಬಾ, ಇದು ಡಾಕ್ಟರಮ್ಮ, ಮತ್ತೆ ಕಥೆ ಹೇಳುವ ಆಯಿ, ಏಳು ಮಂದಿ ಅಣ್ಣಂದಿರಿಗಿ ಒಬ್ಬಾಕಿ ತಂಗಿ ಇದ್ಳು, ಅಣ್ಣಂದಿರು ಹಸದು ಬರೋ ಹೊತ್ತು, ಹಗೇವಿನ ಕಲ್ಲು ಸರಸಿದ್ಳು, ಕಂದೀಲು ಬಿಟ್ಳು, ಕಂದೀಲು ಆರ್ತು, ಒಂದೇ ಮೊರ ಜ್ವಾಳ, ಉಸುರು ಹಿಡಕೊಂಡು ತರ್ತೀನಂತ ಇಳದ್ಳು. ಮುಂದ, ಆಯಿ? ಎಷ್ಟು ಸಲ ಕೇಳಿದ್ದಾಳೆ, ಆಯಿ ಪ್ರತಿ ಸಲವೂ ಮಗ್ಗುಲು ಹೊರಳಿ, ದೀಪ ಆರಿದ್ದು ನೋಡೀನೂ ಇಳದಾಕಿ ಕಥಿಗಿ ಮುಂದ ಅನ್ನೋದು ಇರಂಗಿಲ್ಲವ್ವ, ಮಲಕೊ. ನಿಲ್ಲು, ದೇವಿಕಾ ತನಗೇ ಹೇಳಿಕೊಳ್ಳುತ್ತಾಳೆ, ನಿಲ್ಲುವುದಿಲ್ಲ, ಬೇಲಿಯ ಆಚೆ ಅವ್ವನೂ ಓಡುತ್ತಿದ್ದಾಳೆ, ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗಿನ ಗಂಟು ಹೊಟ್ಟೆಗೆ ಬಡಿಯುತ್ತಿದೆ, ಕಂದೀಲು ಇಳಿಯುತ್ತಿದೆ, ನೀಲಿ, ಸಣ್ಣ, ಸುಣ್ಣದ ಗೆರೆ ತಾನಾಗಿ ಎದ್ದು ಬಂದು ಎದೆಗೆ ಹೊಡೆಯಿತು.

ಕೂದಲೆಳಿಯಷ್ಟರಾಗ ಪಾಸಾದಿ ನೋಡವ್ವ, ಏಳು, ಎಂದರು ಗನಿಸಾಬರು, ಏಳಲಾಗಲಿಲ್ಲ, ಅವ್ವ ಬೇಲಿಯ ಸಂದಿಯಿಂದ ಹೇಗೆ ನುಗ್ಗಿ ಬಂದಳೋ, ಗಂಟು ಬಿಚ್ಚುತ್ತ ಬಂದಳು, ಬೆರಳಲ್ಲಿ ಬೆಲ್ಲ, ಮಾತು ಉಳಸಿದ್ಳು ತಾಯಿ, ತಿನ್ನು ಮಗಳ, ತಿನ್ನು. ಬೆಲ್ಲ ಕರಗಿ ಗಂಟಲಿಗೆ ಇಳಿಯಿತು, ಎಷ್ಟು ಸಿಹಿ, ರಾಶಿ ಮುಗಿದ ಮೇಲೆ ಬಂದ ಮಳೆಯಂತೆ ಎಲ್ಲೂ ನಿಲ್ಲದೆ ಹರಿದು ಹೋಯಿತು, ಅವ್ವನ ಕಣ್ಣು ಹೊಳೆಯುತ್ತಿತ್ತು, ಅಷ್ಟು ಹೊಳೆದದ್ದನ್ನು ದೇವಿಕಾ ಕಂಡಿರಲೇ ಇಲ್ಲ.

ಹೊತ್ತು ಇಳಿದ ಮೇಲೆ ಪಾಸಾದವರಿಗೆಲ್ಲ ಮೆಡಿಕಲ್, ಎತ್ತರ, ತೂಕ, ಕಣ್ಣು, ಕೊನೆಗೆ ಬಿಳಿ ಮುಚ್ಚಳದ ಪುಟ್ಟ ಬಾಟಲಿ ಕೈಗೆ ಕೊಟ್ಟು ಅಕೋ ಆ ಪಾಯಖಾನೆ ಎಂದು ತೋರಿಸಿದರು, ಗೋಡೆ ಹಿಡಿದು ಬಂದಳು, ಕೂತಳು, ಬಾಟಲಿ ಬೆಚ್ಚಗಾಯಿತು, ಕಿಂಡಿಯ ಬೆಳಕಿಗೆ ಹಿಡಿದಳು. ಕುದಿದು ಕುದಿದು ತಳಕ್ಕೆ ಉಳಿದ ಕರಿ ಚಹಾ. ಬೆಳಕು ಅದರೊಳಗೆ ಹೋಗಿ ಹೊರಬರಲಿಲ್ಲ. ಇದನ್ನು ಒಯ್ದು ಮೇಜಿನ ಮೇಲಿಟ್ಟರೆ ಈಗಲೇ ಗಾಡಿ ಮಾಡಿಸಿ ಕಲಬುರಗಿಗೆ ಸಾಗಿಸುತ್ತಾರೆ, ಬದುಕಿಸುತ್ತಾರೆ, ಸೀಟು ಹೋಗುತ್ತದೆ, ಅವ್ವನ ಕಣ್ಣಿನ ಆ ಹೊಳಪು — ಹೊರಗೆ ಅವ್ವ ಯಾರಿಗೋ ಬೆಲ್ಲ ಹಂಚುತ್ತಿದ್ದಾಳೆ, ತಗೊಳ್ರಿ ಅಕ್ಕೋರ, ನಮ್ಮ ಹುಡುಗಿದು ಆಯ್ತು. ಬಾಗಿಲು ಬಡಿದದ್ದು ಮೈತ್ರಿ, ಏ ದೇವಿಕಾ, ಒಳಗೇ ಸಂಸಾರ ಹೂಡಿದೇನು, ಬರವಲ್ದೇನು, ಅಂಜಬ್ಯಾಡ, ನಂದು ಭಾಳ ಅದ, ಇಬ್ಬರಿಗೂ ಸಾಲ್ತದ, ಬಾಗಿಲ ಕೆಳಗಿಂದ ಕೊಡಲೇನು, ತಮಾಷೆಗೇ ಅಂದದ್ದು. ದೇವಿಕಾಳ ಬಾಯಿಂದ ಯಾರ ದನಿಯೋ ಬಂತು, ಕೊಡು.

ಖರೇನೇ ಕೇಳ್ತಿಯೇನು, ಎಂದಳು ಮೈತ್ರಿ, ಆಮೇಲೆ ಪಕ್ಕದ ಬಾಗಿಲು ಹಾಕಿಕೊಂಡ ಸದ್ದು, ತೆರೆದ ಸದ್ದು, ಬಾಗಿಲ ಕೆಳಗಿನ ಸಂದಿಯಿಂದ ಒಂದು ಬಾಟಲಿ ಒಳಗೆ ಸರಿಯಿತು, ಎಳೆಬಿಸಿಲಿನ ಬಣ್ಣ, ಬೇರೆಯವರ ಮೈಯ ಬಿಸುಪು, ಅದನ್ನು ಎಡಗೈಗೆ ತೆಗೆದುಕೊಂಡಳು, ಬಲಗೈಯದನ್ನು ಬಗ್ಗಿಸಿದಳು, ಕರ್ರಗಿನದು ತೂತಿನ ಕತ್ತಲಿಗೆ ಸದ್ದಿಲ್ಲದೆ ಸುರಿಯಿತು, ಸುರಿದು ಮುಗಿಯಿತು, ಈಗ ಏಳಬೇಕು, ಕದ ತೆಗೆಯಬೇಕು, ಮೇಜಿನ ತನಕ ನಡೆಯಬೇಕು, ತೂತಿನಿಂದ ಕಣ್ಣು ಕೀಳಲಾಗುತ್ತಿಲ್ಲ, ಕೆಳಗೆ, ಬಹಳ ಕೆಳಗೆ, ಹಗ್ಗದ ತುದಿಯಲ್ಲಿ ಕಂದೀಲು ಇಳಿಯುತ್ತಿದೆ, ಜ್ವಾಲೆ ಸಣ್ಣಗೆ, ನೀಲಿಯಾಗಿ, ಬತ್ತಿಗೆ ಅಂಟಿಕೊಂಡು, ಹಗ್ಗ ಹಿಡಿದ ಕೈ ತನ್ನದೇ, ಇನ್ನೂ ಇಳಿಯುತ್ತಿದೆ, ನೀಲಿ, ಸಣ್ಣಗೆ, ಇನ್ನೂ