ಬುಗುರಿಗೆ ಬೇಕಾದ ಗಾಳಿ

ಗುಂಡ್ಲುಪೇಟೆಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶಿವಸ್ವಾಮಿಯ ಶೆಡ್ಡಿಗೆ ಯಾರೇ ಬಂದರೂ ಮೊದಲು ನೋಡುತ್ತಿದ್ದುದು ಬಸ್ಸನ್ನಲ್ಲ, ಅದರ ಹಿಂದೆ ಟಾರ್ಪಾಲಿನಡಿ ನಿಂತ ವಿಮಾನವನ್ನು. ಇಬ್ಬರು ಅಕ್ಕಪಕ್ಕ ಕೂರಬಹುದಾದ ಹಗುರ ವಿಮಾನ. ಅದರ ಎಲುಬನ್ನು ಶಿವಸ್ವಾಮಿ ಕಟ್ಟಿದ್ದ. ತೊಗಲನ್ನು ಅವನ ಹೆಂಡತಿ ಸ್ವರ್ಣಲತಾ ಹೊಲಿದಿದ್ದಳು. ರೆಕ್ಕೆಯ ಒಂದೊಂದು ಪಟ್ಟಿಗೂ ಬಟ್ಟೆ ಬಿಗಿದು, ಮೇಣ ಸವರಿದ ದಾರದಲ್ಲಿ ಗಂಟು ಹಾಕುತ್ತ ಇಡೀ ಬೇಸಿಗೆ ಬೆನ್ನು ಬಗ್ಗಿಸಿದ್ದಳು. ದಾರ ಕೊಯ್ದ ಗೆರೆಗಳು ಬೆರಳಲ್ಲಿ ಇನ್ನೂ ಇದ್ದವು. “ನಾನೊಬ್ಬನೇ ಹಾರಿ ಪಳಗಿದ ಮ್ಯಾಲ ಪಕ್ಕದ ಸೀಟು ನಿಂದೇ ಕಣಮ್ಮಿ” ಎಂದು ಶಿವಸ್ವಾಮಿ ಹೇಳಿದ್ದು ಆ ಬೇಸಿಗೆಯಲ್ಲೇ.

ಆಮೇಲೆ ಬುಗುರಿ ಬಂತು.

ತಂದವನು ಮರಿಮಲ್ಲಪ್ಪ. ವಾಯುಸೇನೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾಗಿ ಊರಿಗೆ ಬಂದಿದ್ದವನು, ಈ ಕೆಲಸದಲ್ಲಿ ಶಿವಸ್ವಾಮಿಗೆ ಗುರು. ಗೋಪಾಲಸ್ವಾಮಿ ಬೆಟ್ಟದ ಮೋಡ ಹೇಳಿಕೇಳಿ ಬರುವುದಿಲ್ಲ, ಅದರೊಳಗೆ ಸಿಕ್ಕಿಕೊಂಡರೆ ಮೇಲು ಯಾವುದು ಕೆಳಗು ಯಾವುದು ಕಣ್ಣಿಗೂ ತಿಳಿಯದು, ಹೊಟ್ಟೆಗೂ ತಿಳಿಯದು ಎಂದು ಅವನು ಬೆಂಗಳೂರಿನ ಗುಜರಿಯಿಂದ ಒಂದು ದುಂಡು ಡಬ್ಬ ತಂದಿದ್ದ. ಗಾಜಿನ ಹಿಂದೆ ಒಂದು ಬಿಳಿ ಗೆರೆ. ಡಬ್ಬದೊಳಗಿನ ಬುಗುರಿ ಜೋರಾಗಿ ತಿರುಗುತ್ತಿದ್ದರೆ, ವಿಮಾನ ಎಷ್ಟು ವಾಲಿದರೂ ಆ ಗೆರೆ ಮಾತ್ರ ನೆಲದ ಮಟ್ಟಕ್ಕೇ ನಿಲ್ಲುತ್ತದೆ. ಬುಗುರಿ ತಿರುಗಬೇಕಾದರೆ ಡಬ್ಬದಿಂದ ಗಾಳಿಯನ್ನು ಎಳೆಯುತ್ತಲೇ ಇರಬೇಕು. ಅವರ ಪುಟ್ಟ ಇಂಜಿನ್ನಿಗೆ ವಿಮಾನದ ಮೂತಿಯ ಫ್ಯಾನು ತಿರುಗಿಸುವಷ್ಟೇ ತ್ರಾಣ. ಹಾಗಾಗಿ ಗಾಳಿ ಎಳೆಯಲು ಒಂದು ಪಂಪು, ಪಂಪಿಗೊಂದು ಮೋಟಾರು, ಮೋಟಾರಿಗೆ ಎರಡು ಲಾರಿ ಬ್ಯಾಟರಿ ಎಂದು ತೀರ್ಮಾನವಾಯಿತು.

“ಅಷ್ಟನ್ನೂ ಎಲ್ಲಿ ಇಡೋದು?” ಸ್ವರ್ಣಲತಾ ಕೇಳಿದಳು.

ಇಬ್ಬರೂ ಗಂಡಸರು ಪಕ್ಕದ ಸೀಟನ್ನು ನೋಡಿದರು.

“ಭಾರ ಸಮ ಆಯ್ತದ ಕಣವ್ವ,” ಎಂದ ಮರಿಮಲ್ಲಪ್ಪ. “ಹೆಚ್ಚುಕಮ್ಮಿ ನಿನ್ನಷ್ಟೇ ತೂಕ.”

ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ದೊಡ್ಡಮಾದಮ್ಮ ಪಕಪಕ ನಕ್ಕಳು. “ನಿನ್ ಗಂಡ ಸವತಿ ತತ್ತಾವ್ನ ಕಣಮ್ಮಿ! ಅದೂ ಒಂದಲ್ಲ, ಎಲ್ಡು! ಕರ್ರಗ, ಚೌಕಾಗಿ!”

ಎಲ್ಲರೊಂದಿಗೆ ಸ್ವರ್ಣಲತಾ ಕೂಡ ನಕ್ಕಳು. ಆದರೆ ಸಂಜೆ ಪಾತ್ರೆ ಬೆಳಗುವಾಗ ಆ ನಗು ನೆನಪಾಗಿ, ತಿಕ್ಕಿದ ಸೌಟನ್ನೇ ಮತ್ತೆ ಮತ್ತೆ ತಿಕ್ಕಿದಳು. ಎದ್ದು ಜಾಗ ಬಿಡುವುದು ಅವಳಿಗೆ ಉಸಿರಾಡಿದಷ್ಟೇ ಅಭ್ಯಾಸ. ಬಸ್ಸಿನಲ್ಲಿ ಎದ್ದಿದ್ದಾಳೆ, ಮದುವೆಮನೆಯ ಪಂಕ್ತಿಯಲ್ಲಿ ಎದ್ದಿದ್ದಾಳೆ, ತಮ್ಮ ಓದಲೆಂದು ಶಾಲೆಯಿಂದಲೇ ಎದ್ದು ಬಂದಿದ್ದಾಳೆ. ಆಗೆಲ್ಲ ಎದುರಿಗೆ ಒಬ್ಬ ಮನುಷ್ಯನಾದರೂ ಇರುತ್ತಿದ್ದ. ಈಗ ಬ್ಯಾಟರಿಗೂ ಏಳಬೇಕೇ? ಏಳುವುದಿಲ್ಲ ಎಂದು ಅವಳು ಕೈಯಲ್ಲಿದ್ದ ಸೌಟಿಗೆ ಹೇಳಿದಳು. ಇನ್ನೊಬ್ಬರಿಗೆ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ.

ದಾರಿ ತೋರಿಸಿದ್ದು ಬಸ್ಸಿನ ಪರದೆ. ಮಳೆಗಾಲಕ್ಕೆಂದು ಕಿಟಕಿಗಳಿಗೆ ರೆಕ್ಸಿನ್ ಪರದೆ ಹೊಲಿಯುವುದು ಅವಳದೇ ಕೆಲಸ. ಗಾಳಿ ನುಗ್ಗಿ ಪರದೆ ಒಳಕ್ಕೆ ಉಬ್ಬಬೇಕಲ್ಲವೇ? ಆದರೆ ಬಸ್ಸು ವೇಗ ಹಿಡಿದಂತೆ ಅದು ಹೊರಕ್ಕೇ ಉಬ್ಬುತ್ತದೆ, ಯಾರೋ ಹೊರಗಿನಿಂದ ಎಳೆದಂತೆ. ಹೊಲಿಗೆ ಕಿತ್ತುಬರುವುದೂ ಅದಕ್ಕೇ. ಓಡುವ ಗಾಳಿ ಪಕ್ಕದಲ್ಲಿದ್ದುದನ್ನು ಎಳೆಯುತ್ತದೆಂದರೆ, ಬುಗುರಿಯ ಗಾಳಿಯನ್ನೂ ಎಳೆಯಬೇಕು.

ಇದನ್ನು ಹೇಳಿದಾಗ ಮರಿಮಲ್ಲಪ್ಪ ತಲೆ ಕೆರೆದುಕೊಂಡ. “ಹಳೇ ವಿಮಾನದಲ್ಲಿ ಅಂಥದೊಂದು ಕೊಳವೆ ಇತ್ತು ಕಣ್ಲಾ ಶಿವಸ್ವಾಮಿ. ನಡು ಸಣ್ಣ, ಎರಡು ಕಡೆ ಬಾಯಿ ಅಗಲ, ಸಣ್ಣ ನಡುವಲ್ಲಿ ಗಾಳಿ ಜೋರಾಗಿ ಓಡ್ತದ. ನಾನು ಬರೀ ಕಂಡಿದ್ದೀನಿ, ಮಾಡಿಲ್ಲ.”

ಅಷ್ಟು ಸಾಕಾಯಿತು. ಅವಳು ಸೀಮೆಎಣ್ಣೆ ಸುರಿಯುವ ಎರಡು ಆಲಿಕೆಗಳನ್ನು ತಗಡಿನಂಗಡಿಗೆ ಒಯ್ದು, ಬಾಲಕ್ಕೆ ಬಾಲ ಕೂಡಿಸಿ ಬೆಸುಗೆ ಹಾಕಿಸಿಕೊಂಡು ಬಂದಳು. ನೋಡಲು ಬುಡುಬುಡಿಕೆಯಂತಿತ್ತು. ನಡುವಿನಲ್ಲಿ ಒಂದು ತೂತು, ಅದಕ್ಕೊಂದು ಸಣ್ಣ ನಳಿಕೆ.

“ಬ್ಯಾಟರಿ ತರಕ್ಕ ಚಾಮರಾಜನಗರಕ್ಕ ಹೋಗ್ತೀರಲ್ಲ, ಇದನ್ನ ಜೀಪಿನ ಮ್ಯಾಲ ಕಟ್ಟಿ,” ಎಂದಳು ಗಂಡನಿಗೆ. “ಅಲ್ಲಿಗೆ ಹೋಗೋದ್ರೊಳಗ ಗೆರೆ ಎದ್ದು ಮಟ್ಟಕ್ಕ ನಿಂತ್ರ ಬ್ಯಾಟರಿ ಬ್ಯಾಡ. ಸೀಟು ನಂದು.”

“ನಿಲ್ಲದಿದ್ರ?”

“ಬ್ಯಾಟರಿ ತನ್ನಿ. ನಾ ಉಸಿರೆತ್ತಲ್ಲ.”

ಹೊರಡುವ ದಿನ ಬೆಳಿಗ್ಗೆ ಅವಳು ಪೂಜೆಯ ತಟ್ಟೆ ಹಿಡಿದು ಬಂದಳು. ಶೆಡ್ಡಿನಿಂದ ಹೊರಡುವ ಹೊಸ ಬಸ್ಸಿಗೆ ಮಾಡುವಂತೆ, ಜೀಪಿನ ಟಾಪಿನ ಮೇಲೆ ಕಟ್ಟಿದ್ದ ಆಲಿಕೆಗೂ ವಿಭೂತಿ ಎಳೆದಳು, ಅರಿಶಿನ ಕುಂಕುಮ ಇಟ್ಟಳು. ಮಾದಪ್ಪ, ಇದೊಂದು ನಡೆಸಿಕೊಡಪ್ಪ ಎಂದು ಬೇಡಿಕೊಂಡು ಆಲಿಕೆಯ ಬಾಯಂಚಿಗೆ ಒಂದು ಸೇವಂತಿಗೆ ಹೂವನ್ನೂ ಸಿಕ್ಕಿಸಿದಳು.

ಶಿವಸ್ವಾಮಿ ಜೀಪು ಬಿಟ್ಟ. ಮರಿಮಲ್ಲಪ್ಪ ಹಿಂದೆ ಕೂತ. ಸ್ವರ್ಣಲತಾ ಡಬ್ಬವನ್ನು ಎಳೆಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಳು. ಅದರ ಬೆನ್ನಿನಿಂದ ಹೊರಟ ರಬ್ಬರ್ ಪೈಪು ಮೇಲಿನ ಆಲಿಕೆಗೆ ಹೋಗಿತ್ತು. ತೆರಕಣಾಂಬಿ ಬಂತು, ಹೋಯಿತು. ಇಳಿಜಾರಿನಲ್ಲಿ ಜೀಪು ಹಾರುವಂತೆ ಓಡಿತು. ಬಿಳಿ ಗೆರೆ ಮಾತ್ರ ಹೆಂಡ ಕುಡಿದು ಮಲಗಿದವನ ಹಾಗೆ ಓರೆಯಾಗಿ ಬಿದ್ದೇ ಇತ್ತು.

“ಮಲಗವ್ನ, ಎಬ್ಬುಸ್‌ಬ್ಯಾಡ ಬುಡವ್ವ,” ಎಂದು ಮರಿಮಲ್ಲಪ್ಪ ಹಿಂದಿನಿಂದ ನಕ್ಕ.

ಶಿವಸ್ವಾಮಿ ನಗಲಿಲ್ಲ. ಅವನ ಮುಖದಲ್ಲಿ ಒಂದು ನಿರಾಳ ಮೂಡಿತ್ತು. ಸ್ವರ್ಣಲತಾಗೆ ಗೆರೆ ಬಿದ್ದುದಕ್ಕಿಂತ ಹೆಚ್ಚು ನೋವಾದದ್ದು ಆ ನಿರಾಳ ಕಂಡು.

ಚಾಮರಾಜನಗರದಲ್ಲಿ ಹೊಸ ಜಿಲ್ಲೆಯ ಬೋರ್ಡುಗಳು ಇನ್ನೂ ಹಸಿ ಬಣ್ಣದಲ್ಲಿದ್ದವು. ಬ್ಯಾಟರಿ ಅಂಗಡಿಯ ಮುಂದೆ ಗಂಡಸರಿಬ್ಬರೂ ಕರಿ ಪೆಟ್ಟಿಗೆಗಳನ್ನು ಏದುಸಿರು ಬಿಡುತ್ತ ಜೀಪಿಗೇರಿಸಿದರು. ಉಸಿರೆತ್ತಲ್ಲ ಎಂದು ತಾನೇ ಮಾತು ಕೊಟ್ಟಾಗಿತ್ತು. ಇನ್ನು ಆಲಿಕೆ ಬಿಚ್ಚಿ ಎಣ್ಣೆ ಸುರಿಯಲು ಇಟ್ಟುಕೊಳ್ಳುವುದೇ ಸರಿ ಎಂದು ಅವಳು ಜೀಪಿನ ಮೆಟ್ಟಿಲು ಹತ್ತಿದಳು. ಸುಮ್ಮನೆ ಒಂದು ಕಣ್ಣು ಮುಚ್ಚಿ ಅದರೊಳಗೆ ಇಣುಕಿದಳು. ಆಚೆ ಬದಿಯ ಆಕಾಶ ಕಾಣಬೇಕಿತ್ತು. ಕಂಡದ್ದು ಹಳದಿ.

ಸೇವಂತಿಗೆ! ಗಾಳಿಯ ಹೊಡೆತಕ್ಕೆ ಹೂವು ಒಳಗೆ ನುಗ್ಗಿ, ಸಣ್ಣ ನಡುವಿನಲ್ಲಿ ಬಿರಡೆಯಂತೆ ಕೂತುಬಿಟ್ಟಿತ್ತು. ಸಿಕ್ಕಿಸಿದ್ದು ಬೇರೆ ಯಾರೂ ಅಲ್ಲ, ತಾನೇ. ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ತಲೆಯಿಂದ ಹೇರ್‌ಪಿನ್ನು ಕಿತ್ತು, ಹೂವನ್ನು ಕೆದಕಿ ಕೆದಕಿ ಎಸಳೆಸಳಾಗಿ ಹೊರಗೆಳೆದಳು. ಆಲಿಕೆಗೆ ಬಾಯಿಟ್ಟು ಉಫ್ ಎಂದು ಊದಿದಳು. ಅಂಗಡಿಯವನೂ ಬೀದಿಯವರೂ ನಿಂತು ನೋಡುತ್ತಿದ್ದರು. ನೋಡಲಿ.

“ಇಳಿಯಮ್ಮಿ, ಜನ ನೋಡ್ತಾವ್ರ,” ಎಂದ ಶಿವಸ್ವಾಮಿ. “ಮಾತಂದ್ರ ಮಾತು. ಗೆರೆ ಏಳಲಿಲ್ಲ.”

“ಬಾಯಿಗೆ ಬಟ್ಟೆ ತುರುಕಿ ಹಾಡು ಅಂದ್ರ ಯಾರ್ ಹಾಡ್ತಾರ? ತಪ್ಪು ನಂದು. ನಾನೇ ಸರಿ ಮಾಡಿದ್ದೀನಿ. ವಾಪಸ್ ಹೋಗೋ ರಸ್ತೆ ಇನ್ನೂ ಹಂಗೇ ಅದ. ನಡೀರಿ.”

ಅವನು ಗೊಣಗಿದ. ಆದರೆ ಹೋಗಲೇಬೇಕಾದ ರಸ್ತೆ ಅದೊಂದೇ.

ಊರು ದಾಟಿ ಜೀಪು ವೇಗ ಹಿಡಿಯಿತು. ತೊಡೆಯ ಮೇಲಿನ ಡಬ್ಬದಲ್ಲಿ ಮೊದಲು ಸಣ್ಣ ಕಂಪನ, ಆಮೇಲೆ ಜೇನುಹುಳದಂಥ ಗುಂಯ್‌ಗುಟ್ಟುವಿಕೆ. ಅವಳು ಬಗ್ಗಿ ಗಾಜಿನೊಳಗೆ ನೋಡಿದಳು. ಮಲಗಿದ್ದ ಗೆರೆ ಮೆಲ್ಲಗೆ ತೂಗಾಡಿತು, ಅತ್ತ ವಾಲಿತು, ಇತ್ತ ವಾಲಿತು, ಕೊನೆಗೆ ಮಟ್ಟಸವಾಗಿ ನಿಂತಿತು. ಎದುರಿನಿಂದ ಕೇರಳದ ತರಕಾರಿ ಲಾರಿಯೊಂದು ರಸ್ತೆ ತುಂಬ ಬಂತು. ಶಿವಸ್ವಾಮಿ ಜೀಪನ್ನು ಪಕ್ಕದ ಮಣ್ಣಿಗೆ ಇಳಿಸಿದ. ಜೀಪು ವಾಲಿತು, ಮೂವರೂ ವಾಲಿದರು, ಬ್ಯಾಟರಿಗಳು ಜಾರಿ ಮರಿಮಲ್ಲಪ್ಪನ ಕಾಲಿಗೆ ಒತ್ತಿದವು. ಗೆರೆ ಮಾತ್ರ ದೂರದ ಹೊಲದ ಅಂಚಿಗೆ ಸಮನಾಗಿ ನಿಂತೇ ಇತ್ತು.

“ಅಯ್ಯಯ್ಯಪ್ಪ! ಎದ್ದ ಕಣ್ಲಾ!” ಮರಿಮಲ್ಲಪ್ಪ ಕಾಲಿನ ನೋವನ್ನೂ ಮರೆತು ಕೂಗಿದ. “ಜೀಪಿಗೇ ಹಿಂಗಂದ್ರ ಮ್ಯಾಲಿನ ವೇಗಕ್ಕ ಇನ್ನೆಂಗೋ!”

ಶಿವಸ್ವಾಮಿ ಒಮ್ಮೆ ಡಬ್ಬ ನೋಡಿದ, ಒಮ್ಮೆ ರಸ್ತೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ, “ಒಳ್ಳೇದೇ ಆಯ್ತು ಬುಡು. ಬ್ಯಾಟರಿ ವಾಪಸ್ ಕೊಡ್ಬೌದು. ಪಕ್ಕದಲ್ಲಿ ಮರಿಮಲ್ಲಪ್ಪಣ್ಣನೇ ಕುಂತ್ಕಳ್ಳಲಿ. ಕೆಲಸ ತಿಳಿದೋರು ಒಬ್ರು ಇದ್ರ ನಂಗೂ ಧೈರ್ಯ.”

ಡಬ್ಬ ಗುಂಯ್ ಎನ್ನುತ್ತಲೇ ಇತ್ತು. ಹೀಗೂ ಆಗಬಹುದೆಂದು ಅವಳು ಎಣಿಸಿರಲಿಲ್ಲ. ಬ್ಯಾಟರಿಯನ್ನು ಇಳಿಸಿದ್ದು ಅವಳು, ಆ ಜಾಗಕ್ಕೆ ಏರುವವನು ಇನ್ನೊಬ್ಬ. ಹಾಗಾದರೆ ಅಡ್ಡ ಬಂದದ್ದು ಬ್ಯಾಟರಿಯ ಭಾರವಲ್ಲ.

“ಗಾಡಿ ನಿಲ್ಸಿ,” ಎಂದಳು.

“ಯಾಕ?”

“ನಿಲ್ಸಿ ಅಂದೆ.”

ತೆರಕಣಾಂಬಿಯ ಹುಣಸೆಮರದ ಕೆಳಗೆ ಜೀಪು ನಿಂತಿತು. ಅವಳು ಡಬ್ಬವನ್ನು ಗಂಡನ ಕೈಗೆ ಕೊಟ್ಟು, ಮೇಲೆ ಹತ್ತಿ, ಪೈಪು ಕಳಚಿ, ಕಟ್ಟಿದ್ದ ತಂತಿ ಬಿಚ್ಚಿ ಆಲಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಕೂತಳು.

“ಇದು ನಂದು,” ಎಂದಳು. “ರೆಕ್ಕೆ ಹೊಲಿಗೇನೂ ನಂದೇ. ಅದನ್ನ ಬಿಚ್ಚಕ್ಕಾಗಲ್ಲ ಅಂತ ಬುಟ್ಟಿದ್ದೀನಿ. ಇದು ಎಲ್ಲಿರ್ತದೋ ನಾನೂ ಅಲ್ಲೇ. ನಾ ಬ್ಯಾಡ ಅಂದ್ರ, ಹಿಂದಿರೋ ಸವತೀರ್ನ ತಬ್ಕೊಂಡು ಹಾರಿ.”

“ನಿಂಗೇನಾರ ಆದ್ರ ಏನ್ ಗತಿ ಅಂತ ಹಂಗಂದೆ ಕಣಮ್ಮಿ...”

“ನಿಮಗಾದ್ರ ನಂಗೇನು ಗತಿ? ಅದನ್ನ ಯಾವತ್ತಾರ ಕೇಳಿದ್ರಾ? ಕೇಳದೇನೇ ಹೊಲಿದು ಕೊಟ್ಟೆ.”

ಅವನು ಕಣ್ಣು ಕೆಳಗಿಳಿಸಿದ. ಕೈಯಲ್ಲಿದ್ದ ಡಬ್ಬದಲ್ಲಿ ಬುಗುರಿ ಸೋಲುತ್ತ ಬಂದು, ಗೆರೆ ಮತ್ತೆ ಓರೆಯಾಗತೊಡಗಿತ್ತು.

“ನಂಗ ಮಂಡಿನೋವು ಕಣ್ಲಾ,” ಎಂದ ಮರಿಮಲ್ಲಪ್ಪ ಹಿಂದಿನಿಂದ. “ನಾ ಯಾವಾಗ್ಲಾ ಬತ್ತೀನಿ ಅಂದೆ?”

ಶೆಡ್ಡು ತಲುಪಿದಾಗ ಇನ್ನೂ ಬಿಸಿಲಿತ್ತು. ಸ್ವರ್ಣಲತಾ ಅಡುಗೆಮನೆಗೆ ಹೋಗಲಿಲ್ಲ. ನೇರ ಹೋಗಿ ಟಾರ್ಪಾಲು ಸರಿಸಿ, ಸೀರೆ ಎತ್ತಿ ಕಟ್ಟಿ, ಪಕ್ಕದ ಸೀಟಿಗೆ ಹತ್ತಿ ಕೂತಳು. ಆಲಿಕೆ ಮಡಿಲಲ್ಲಿತ್ತು.

ದೊಡ್ಡಮಾದಮ್ಮ ಹೊರಗೆ ಬಂದು ನೋಡಿ ಬಾಯಿಯ ಮೇಲೆ ಕೈಯಿಟ್ಟಳು. “ಇದೇನಮ್ಮಿ, ಇವತ್ತೇ ಹಾರೀಯಾ? ಇಳಿದು ಬಾ, ಮುದ್ದೆ ಆರೋಯ್ತದ.”

“ಇಲ್ಲಿಗೇ ಕೊಡಿ ಅತ್ತೆ.”

ಮುದುಕಿ ಮಗನ ಮುಖ ನೋಡಿದಳು. ಅವನು ಟೂಲ್ ಪೆಟ್ಟಿಗೆಯಲ್ಲಿ ಸ್ಪ್ಯಾನರ್ ಹುಡುಕುತ್ತಿದ್ದ. ಅವಳು ಒಳಗೆ ಹೋಗಿ, ಮುದ್ದೆಯ ತಟ್ಟೆಯನ್ನು ತಂದು, ಎರಡೂ ಕೈಯಲ್ಲಿ ಎತ್ತಿ ಸೊಸೆಗೆ ಕೊಟ್ಟಳು.

ಶಿವಸ್ವಾಮಿ ಬಂದು ವಿಮಾನದ ಮಗ್ಗುಲಲ್ಲಿ ನಿಂತು ಕೈ ಚಾಚಿದ. “ಆಲಿಕೆ ಕೊಡು. ಎಲ್ಲಿ ಕೂರಿಸನ, ಹೇಳು.”

“ನನ್ನ ಕಡೆಗೇ ಕೂರಿಸಿ,” ಎಂದಳು ಸ್ವರ್ಣಲತಾ, ಮುದ್ದೆ ಮುರಿಯುತ್ತ. “ಹೂವು ಗೀವು ಸಿಕ್ಕಿಸದಂಗ ನಾನೇ ನೋಡ್ಕತೀನಿ.”