ಕಿಡಿ ಎಂದು ಬರೆದೆ

ತೊಂಬತ್ತಾರರಲ್ಲಿ ನಾನು ನಾಗಮಂಗಲದ ಒಂದು ಕುಟುಂಬ ಸಹಾಯ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಮಗುವಿಗೆ ಮನೆಯವರಿಂದಲೇ ತೊಂದರೆಯಾಗುತ್ತಿದೆ ಎಂದು ಯಾರಾದರೂ ತಿಳಿಸಿದರೆ, ಹೋಗಿ ನೋಡಿ ವರದಿ ಬರೆಯಬೇಕು. ಮಗುವನ್ನು ಮನೆಯವರಿಂದ ದೂರ ಕರೆದೊಯ್ದು ಒಂಟಿಯಾಗಿ ಮಾತಾಡಿಸಬೇಕೆಂಬ ನಿಯಮವಿತ್ತು. ಅದನ್ನು ಹೊಸಬರಿಗೆ ಪಾಠ ಮಾಡುತ್ತಿದ್ದವಳೇ ನಾನು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಬಿಂಡಿಗನವಿಲೆಯಿಂದ ಸಿದ್ದರಾಜು ಮೇಷ್ಟ್ರು ಚೀಟಿ ಕಳಿಸಿದ್ದರು. ಮೂರನೇ ಕ್ಲಾಸಿನ ಭೂಮಿಕಳ ಬೆನ್ನ ಮೇಲೆ ಸುಟ್ಟ ಗಾಯವಿದೆ, ಕೇಳಿದರೆ ಬಾಯಿ ಬಿಡುವುದಿಲ್ಲ ಎಂದು. ಅಪ್ಪ ಅಮ್ಮ ಇಲ್ಲದ ಹುಡುಗಿ, ಚಿಕ್ಕಪ್ಪ ಮೌನೇಶನ ಮನೆಯಲ್ಲಿದ್ದಳು. ಮೌನೇಶ ಅಕ್ಕಸಾಲಿ ಎಂದು ಓದಿದ ಕೂಡಲೇ ನನಗೆ ಅರ್ಧ ಸಮಾಧಾನವಾಯಿತು. ನಾನೂ ಅಕ್ಕಸಾಲಿಯ ಮಗಳೇ.

ಮನೆಗೆ ಹೋದಾಗ ಮೌನೇಶ ಕಾಫಿ ಕೊಟ್ಟು ನನ್ನ ಅಪ್ಪನ ಹೆಸರು ಕೇಳಿದ.

"ಚಂದ್ರಶೇಖರಾಚಾರ್ರ ಮಗಳಾ? ಮೊದ್ಲೇ ಏಳ್ಬಾರ್ದಾ ಅಕ್ಕ, ನಮ್ಮೋರೇ! ಅವ್ರು ಮಾಡಿದ್ ಓಲೆ ಇನ್ನೂ ನಮ್ಮಜ್ಜಿ ಕಿವೀಲವೆ."

ನಾನು ಉಬ್ಬಿಹೋದೆ. ಹುಡುಗಿಯನ್ನು ಅವನೇ ಕರೆದು ಬೆನ್ನು ತೋರಿಸಿದ.

"ಅಗ್ಗಿಷ್ಟಿಕೆ ತಾವ ಆಡ್ತಿದ್ಲು, ಕಿಡಿ ಸಿಡೀತು."

ನನ್ನಪ್ಪನ ಮುಂಗೈ ತುಂಬ ಕಿಡಿಯ ಕಲೆಗಳಿದ್ದವು, ಸಾಸಿವೆ ಕಾಳಿನಷ್ಟು ಚಿಕ್ಕವು. ಇಲ್ಲಿ ಅಕ್ಕಪಕ್ಕ ಎರಡು ಗೆರೆ, ಬೆರಳುದ್ದ. ಕಾದ ಇಕ್ಕಳದ ಗುರುತು ಎಂದು ನನಗೆ ಗೊತ್ತಾಗಲಿಲ್ಲವೇ ಎಂದರೆ ಸುಳ್ಳು ಹೇಳಲಾರೆ. ಗೊತ್ತಾಯಿತು. ನಮ್ಮವರ ಮನೆಯಲ್ಲಿ ಹಾಗೆಲ್ಲ ಇರಲಾರದು ಎಂದು ತಳ್ಳಿಹಾಕಿದೆ. ಅಷ್ಟು ಸಾಲದೆಂದು ಹುಡುಗಿಯ ಕೆನ್ನೆ ತಟ್ಟಿ ಬುದ್ಧಿವಂತಿಕೆಯ ಮಾತು ಬೇರೆ ಆಡಿದೆ.

"ಅಕ್ಸಾಲಿ ಮನೆ ಮಕ್ಳಿಗೆ ಇದೆಲ್ಲಾ ಇದ್ದದ್ದೇ ಕಣವ್ವ. ನಾನೂ ಇಂಗೇ ಬೆಳ್ದೋಳು."

ವರದಿಯಲ್ಲಿ 'ಕಿಡಿ' ಎಂದು ಬರೆದು ನಾಲ್ಕು ಗಂಟೆ ಬಸ್ಸು ಹತ್ತಿದೆ. ನನ್ನ ಕೈ ಸೇದಿಹೋಗಬೇಕಿತ್ತು.

ಎರಡು ತಿಂಗಳಾದ ಮೇಲೆ, ಈ ಸಲ ಮೇಷ್ಟ್ರು ಚೀಟಿ ಕಳಿಸಲಿಲ್ಲ, ಹುಡುಗಿಯನ್ನೇ ನಮ್ಮ ಸಂಸ್ಥೆಗೆ ಕರೆದುಕೊಂಡು ಬಂದರು. ಬೆನ್ನ ಮೇಲೆ ಅಂಥವೇ ಇನ್ನೂ ಮೂರು ಜೊತೆ ಗೆರೆಗಳಿದ್ದವು. ಮೇಷ್ಟ್ರು ನನ್ನ ಮುಖ ನೋಡದೆ ದೂರು ಕೊಡಲು ಪೊಲೀಸ್ ಠಾಣೆಗೆ ಹೋದರು. ನಾನು ಹುಡುಗಿಯನ್ನು ಹಿಂದಿನ ಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ಚಾಪೆಯ ಮೇಲೆ ಕೂತೆ.

"ಯಾರವ್ವ ಮಾಡಿದ್ದು?"

"ಚಿಕ್ಕಪ್ಪ. ಇಕ್ಳ ಕಾಯ್ಸಿ."

ಒಂದೇ ಪ್ರಶ್ನೆ ಸಾಕಾಗಿತ್ತು. ಅವತ್ತು ಅದನ್ನು ಕೇಳಲು ನನಗೇನು ದಾಡಿಯಾಗಿತ್ತೋ.

"ಅವತ್ತೇ ಯಾಕ್ ಏಳ್ಲಿಲ್ಲ ಮಗ?"

ಅವಳಿಗೆ ಆಶ್ಚರ್ಯವಾಯಿತು. "ನೀವೇ ಅಂದ್ರಲ್ಲ, ಅಕ್ಸಾಲಿ ಮನೇಲಿ ಇದ್ದದ್ದೇ ಅಂತ."

ಆಮೇಲೆ ಹತ್ತಿರ ಸರಿದು, ನನ್ನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟಳು. ಎಲ್ಲಿ ನೋವಾಗುತ್ತದೋ ಎಂದು ಒತ್ತಲೂ ಇಲ್ಲ.

"ನಿಮ್ಗೂ ನಿಮ್ಮಪ್ಪ ಬರೆ ಆಕ್ತಿದ್ರಾ ಅಕ್ಕ? ಈಗ ವಾಸಿ ಆಗೈತಾ?"

ಎರಡು ತಿಂಗಳು ಅವಳು ಹಾಗೆಂದುಕೊಂಡೇ ಸಹಿಸಿದ್ದಳು. ಹೌದು ಎಂದುಬಿಡಲೇ ಅನ್ನಿಸಿತು, ನನ್ನ ಮುಖ ಉಳಿಸಿಕೊಳ್ಳಲು.

"ಇಲ್ಲ ಕಂದ," ಎಂದೆ. "ನಮ್ಮಪ್ಪ ಒಂದಿನಾನೂ ನನ್ ಮ್ಯಾಲೆ ಕೈ ಎತ್ತಿದೋರಲ್ಲ. ಯಾರ್ ಮನೇಲೂ ಇಂಗ್ ಮಾಡ್ಬಾರ್ದು."

ಅಲ್ಲಿಯವರೆಗೂ ಒಂದು ಹನಿ ಕಣ್ಣೀರು ಹಾಕದಿದ್ದ ಹುಡುಗಿ ಆಗ ಅತ್ತಳು.